ತೂತುಗಳ ಇದ್ದಿಲು: ನೀರಿನಿಂದ ಹೈಡ್ರೋಜನ್ ತೆಗೆಯಲು ಯಾವ ಕಾರ್ಬನ್ ಮಾಡೋಣ?

"ಸರ್, ತೆಂಗಿನ ಚಿಪ್ಪು ಸುಡಲಾ, ಝಿಫ್-8 ಮಾಡಲಾ?" ಎಂಎಸ್ಸಿ ಪ್ರಾಜೆಕ್ಟಿಗೆ ಮೂರೇ ತಿಂಗಳಿದ್ದ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ಇದು. (ಝಿಫ್-8 ಎಂದರೆ ಸುಟ್ಟು ಕಾರ್ಬನ್ ಮಾಡುವ, ಲೋಹ ಸೇರಿದ ಒಂದು ಪುಡಿ.) ಅಷ್ಟರಲ್ಲಿ ಅವಳು ಇಪ್ಪತ್ತು ಮೂವತ್ತು ಪೇಪರ್ ಓದಿದ್ದಳು. ಪ್ರತಿ ಪೇಪರೂ ತನ್ನ ವಿಧಾನವೇ ಸರಳ, ಅಗ್ಗ, ಪರಿಸರಕ್ಕೆ ಒಳ್ಳೆಯದು ಎನ್ನುತ್ತದೆ. ಓದಿದಷ್ಟೂ ಗೊಂದಲ ಜಾಸ್ತಿ. ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ಕೇಳುವವರು ಇನ್ನೂ ಹೆಚ್ಚಾದರು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಇದ್ದಿಲಿಗೆ ಇಲ್ಲೇನು ಕೆಲಸ

ನೀರನ್ನು ಕರೆಂಟಿನಿಂದ ಒಡೆಯಲು ಲೆಕ್ಕದ ಪ್ರಕಾರ 1.23 ವೋಲ್ಟ್ ಸಾಕು. ನಿಜವಾದ ಯಂತ್ರಗಳು ಸಾಮಾನ್ಯವಾಗಿ 1.8ರಿಂದ 2 ವೋಲ್ಟ್ ತಿನ್ನುತ್ತವೆ. ಆ ಹೆಚ್ಚುವರಿ ವೋಲ್ಟೇಜ್ ದಂಡ ಕಟ್ಟಿದ ಹಾಗೆ. ಕ್ಯಾಟಲಿಸ್ಟ್ ಇರುವುದೇ ಆ ದಂಡ ಇಳಿಸಲು. ಹೈಡ್ರೋಜನ್ ಬರುವ ಕಡೆ ಪ್ಲಾಟಿನಂ ಇದ್ದರೆ, ಆಸಿಡ್ಡಿನಲ್ಲಿ ಒಂದು ಚದರ ಸೆಂಟಿಮೀಟರಿಗೆ 10 ಮಿಲಿ ಆಂಪಿಯರ್ ಹರಿಸಲು ಸುಮಾರು 30 ಮಿಲಿವೋಲ್ಟ್ ದಂಡ ಸಾಕು. ಏನೂ ಬೆರೆಸದ ಕಾರ್ಬನ್ ಆದರೆ ಹಲವು ನೂರು ಮಿಲಿವೋಲ್ಟ್ ಬೇಕು. ಅಂದರೆ ಬರೀ ಇದ್ದಿಲು ಒಳ್ಳೆಯ ಕ್ಯಾಟಲಿಸ್ಟ್ ಅಲ್ಲವೇ ಅಲ್ಲ.

ಹಾಗಾದರೆ ಅದು ಯಾಕೆ ಬೇಕು? ಎಲೆಕ್ಟ್ರಾನನ್ನು ಹೊತ್ತು ತರಲು, ಲೋಹದ ಸಣ್ಣ ಕಣಗಳನ್ನು ಗಂಟು ಕಟ್ಟದ ಹಾಗೆ ಹರಡಿ ಹಿಡಿಯಲು, ನೀರನ್ನು ಒಳಗೆ ಬಿಟ್ಟು ಗುಳ್ಳೆಯನ್ನು ಹೊರಗೆ ಕಳಿಸಲು. ನೈಟ್ರೋಜನ್, ರಂಜಕ, ಗಂಧಕದಂಥವನ್ನು ಒಳಗೆ ಸೇರಿಸಿದರೆ ಕಾರ್ಬನ್ ತಾನೂ ಒಂದಿಷ್ಟು ಕೈ ಹಚ್ಚುತ್ತದೆ. ಆಸ್ಟ್ರೇಲಿಯಾದ ಅಡಿಲೇಡ್‌ನ ತಂಡವೊಂದು 2014ರಲ್ಲಿ ಲೋಹವೇ ಇಲ್ಲದ ಕ್ಯಾಟಲಿಸ್ಟ್ ತೋರಿಸಿತು. ನೈಟ್ರೋಜನ್ ಬೆರೆತ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ) ಮೇಲೆ ಕಾರ್ಬನ್ ನೈಟ್ರೈಡ್ ಕೂರಿಸಿದ್ದರು. ಅದಕ್ಕೆ 10 ಮಿಲಿ ಆಂಪಿಯರ್ ಗುರುತು ಮುಟ್ಟಲು ಸುಮಾರು 240 ಮಿಲಿವೋಲ್ಟ್ ಬೇಕಾಯಿತು. ಲೋಹ ಇಲ್ಲದೆ ಇಷ್ಟು ಬಂದಿದ್ದು ದೊಡ್ಡ ಸುದ್ದಿಯೇ. ಪ್ಲಾಟಿನಂ ಮಾತ್ರ ಇನ್ನೂ ದೂರದಲ್ಲೇ ಇದೆ.

ಮೊದಲೇ ಒಂದು ಎಚ್ಚರಿಕೆ. ಈ ಮಾತೆಲ್ಲ ಹೈಡ್ರೋಜನ್ ಬರುವ ಕಡೆಗೆ ಮಾತ್ರ. ಆಕ್ಸಿಜನ್ ಬರುವ ಕಡೆ ಕಾರ್ಬನ್ ಇಟ್ಟರೆ ಅದು ತಾನೇ ಆಕ್ಸಿಜನ್ ಹಿಡಿದು ಕಾರ್ಬನ್ ಡೈಆಕ್ಸೈಡ್ ಆಗಿ ಸವೆಯುತ್ತದೆ. "ಎರಡೂ ಕಡೆಗೂ ಒಂದೇ ಕಾರ್ಬನ್" ಎಂಬ ಯೋಜನೆ ನೋಡಲು ಚೆಂದ. ಶುರು ಮಾಡುವವರು ಅದರ ತಂಟೆಗೆ ಹೋಗಬೇಡಿ.

ಯಾವುದರ ಮೇಲೆ ಅಳೆಯೋಣ

ಎಲ್ಲರೂ ಮೊದಲು ನೋಡುವುದು ಮೇಲ್ಮೈ ವಿಸ್ತಾರ. ಬಿಇಟಿ (ಪುಡಿಯ ಮೇಲ್ಮೈ ಅಳೆಯುವ ಟೆಸ್ಟು) ರಿಪೋರ್ಟಿನಲ್ಲಿ ಗ್ರಾಮಿಗೆ 2000 ಚದರ ಮೀಟರ್ ಎಂದು ಬಂದರೆ ಖುಷಿಯೋ ಖುಷಿ. ನಾನೂ ಹಾಗೇ ಕುಣಿದವನು. ಆಮೇಲೆ ನೋಡಿದರೆ, ಅದರ ಮೂರನೇ ಒಂದು ಭಾಗವೂ ಇಲ್ಲದ ಇನ್ನೊಂದು ಸ್ಯಾಂಪಲ್ ಹೈಡ್ರೋಜನ್ ಬಿಡುವುದರಲ್ಲಿ ಅದನ್ನು ಆರಾಮಾಗಿ ಹಿಂದೆ ಹಾಕಿತು.

ಕಾರಣ ತೂತಿನ ಅಳತೆಯಲ್ಲಿದೆ. 2 ನ್ಯಾನೋಮೀಟರಿಗಿಂತ ಚಿಕ್ಕವು ಸೂಕ್ಷ್ಮ ರಂಧ್ರ, 2ರಿಂದ 50ರವರೆಗೆ ನಡುಗಾತ್ರದವು, ಅದಕ್ಕೂ ಮೇಲಿನವು ದೊಡ್ಡವು. ನಾಲೆ ಕೆಳಗಿನ ಗದ್ದೆ ನೆನಪಿಸಿಕೊಳ್ಳಿ. ಬೆಳೆ ಬರುವುದು ಗದ್ದೆಯಲ್ಲೇ. ಆದರೆ ನಾಲೆ, ಕಿರುಗಾಲುವೆ ಇಲ್ಲದಿದ್ದರೆ ನೀರು ಅಲ್ಲಿಗೆ ಬರುವುದಿಲ್ಲ. ನಿಂತ ನೀರು ಬಸಿದು ಹೋಗದಿದ್ದರೆ ಪೈರು ಕೊಳೆಯುತ್ತದೆ. ಇಲ್ಲೂ ಅಷ್ಟೇ. ಸೂಕ್ಷ್ಮ ರಂಧ್ರಗಳು ವಿಸ್ತಾರ ಕೊಡುತ್ತವೆ, ದೊಡ್ಡವು ದಾರಿ ಕೊಡುತ್ತವೆ. ಬರೀ ಸೂಕ್ಷ್ಮ ರಂಧ್ರಗಳಿದ್ದರೆ ಒಳಗೆ ನೀರು ನೆನೆಯುವುದಿಲ್ಲ, ಹುಟ್ಟಿದ ಗ್ಯಾಸ್ ಬಾಯಿ ಕಟ್ಟಿ ಕೂರುತ್ತದೆ. ಇನ್ನೊಂದು ವಿಷಯ. ಗ್ರಾಫೀನಿನ ಒಂದೇ ಪದರದ ಎರಡೂ ಬದಿ ಸೇರಿಸಿದರೂ ಲೆಕ್ಕಕ್ಕೆ ಸಿಗುವುದು ಗ್ರಾಮಿಗೆ 2630 ಚದರ ಮೀಟರ್. ಅದನ್ನೂ ದಾಟಿದ ಸಂಖ್ಯೆ ಕಂಡರೆ ಹಿಗ್ಗುವ ಮೊದಲು ಅಳತೆಯನ್ನು ಇನ್ನೊಮ್ಮೆ ಪರೀಕ್ಷಿಸಿ.

ಎರಡನೆಯದು, ನನ್ನ ಮಟ್ಟಿಗೆ ಮೊದಲನೆಯದೇ: ಮತ್ತೆ ಮಾಡಿದರೆ ಅದೇ ಬರುತ್ತದಾ? ಮೂರು ಸಲ ಮಾಡಿ ಮೂರು ಉತ್ತರ ಬಂದರೆ ಪ್ರಾಜೆಕ್ಟ್ ಬರೆಯುವುದು ಹೇಗೆ?

ಮೂರನೆಯದು ಶುದ್ಧಿ. ಒಂದು ಚಿಟಿಕೆ ಕಬ್ಬಿಣ ಅಥವಾ ನಿಕ್ಕಲ್ ನುಸುಳಿದ್ದರೂ "ಲೋಹ ಇಲ್ಲದ ಕ್ಯಾಟಲಿಸ್ಟ್" ಎಂಬ ನಿಮ್ಮ ಮಾತು ಸುಳ್ಳಾಗುತ್ತದೆ. ಆಮೇಲೆ ಕೈಯಲ್ಲಿರುವ ಸಲಕರಣೆ. ಗ್ಯಾಸ್ ಹರಿಸಬಹುದಾದ ಟ್ಯೂಬ್ ಫರ್ನೇಸ್ ಇದೆಯಾ, ಬರೀ ಪೆಟ್ಟಿಗೆಯಂಥ ಮಫಲ್ ಫರ್ನೇಸಾ? ನೈಟ್ರೋಜನ್ ಸಿಲಿಂಡರ್? ವಿಷಗಾಳಿ ಹೊರಗೆ ಎಳೆಯುವ ಫ್ಯೂಮ್ ಹುಡ್, ಅದೂ ಕೆಲಸ ಮಾಡುವಂಥದ್ದು? ದುಡ್ಡಿನ ಮಾತು ಬಂದಾಗ ಎಲ್ಲರೂ ಕಚ್ಚಾವಸ್ತುವಿನ ಬೆಲೆ ನೋಡುತ್ತಾರೆ. ಕಾಲೇಜು ಲ್ಯಾಬಿನಲ್ಲಿ ಜೇಬು ಸುಡುವುದು ಅದಲ್ಲ. ಗ್ಯಾಸ್ ಸಿಲಿಂಡರ್, ಹೊರಗೆ ಮಾಡಿಸುವ ಬಿಇಟಿ, ಮೇಲ್ಮೈಯಲ್ಲಿ ಯಾವ ಮೂಲವಸ್ತು ಇದೆ ಎಂದು ತೋರಿಸುವ ಎಕ್ಸ್‌ಪಿಎಸ್ ಟೆಸ್ಟು, ಕೆಟ್ಟುಹೋದ ಬ್ಯಾಚುಗಳು.

ಚಿಪ್ಪು ಮತ್ತು ಕ್ಷಾರ

ತೆಂಗಿನ ಚಿಪ್ಪನ್ನು ಗಾಳಿ ಆಡದಂತೆ ಸುಟ್ಟು ಇದ್ದಿಲು ಮಾಡಿ. ಅದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಬೆರೆಸಿ ನೈಟ್ರೋಜನ್ ಹರಿವಿನಲ್ಲಿ 700ರಿಂದ 900 ಡಿಗ್ರಿಗೆ ಕಾಯಿಸಿ. ಕ್ಷಾರ ಇದ್ದಿಲನ್ನು ಒಳಗಿನಿಂದ ಕೊರೆಯುತ್ತದೆ, ಗೆದ್ದಲು ಮರ ತಿಂದ ಹಾಗೆ. ಇದ್ದಿಲಿನ ಎರಡರಿಂದ ನಾಲ್ಕು ಪಟ್ಟು ಕ್ಷಾರ ಹಾಕುವುದು ರೂಢಿ. ಕ್ಷಾರ ಹೆಚ್ಚಿದಷ್ಟೂ ತೂತು ಹೆಚ್ಚು, ಕೊನೆಗೆ ಕೈಗೆ ಸಿಗುವ ಪುಡಿ ಕಡಿಮೆ.

ಗ್ರಾಮಿಗೆ ಎರಡು ಸಾವಿರ ದಾಟುವ ಮೇಲ್ಮೈ ಇದರಲ್ಲಿ ಮಾಮೂಲು. ಚಿಪ್ಪಿನಲ್ಲಿ ಬೂದಿ ಕಡಿಮೆ, ಅದು ಒಳ್ಳೆಯದೇ. ತಿಪಟೂರು, ಅರಸೀಕೆರೆ ಕಡೆಯವರಿಗೆ ಚಿಪ್ಪಿಗೆ ಬರವೂ ಇಲ್ಲ. ಇಷ್ಟು ಹೇಳಿದ ಮೇಲೆ ತಾಪತ್ರಯಗಳನ್ನೂ ಹೇಳಬೇಕು. ಬರುವುದು ಬಹುಪಾಲು ಸೂಕ್ಷ್ಮ ರಂಧ್ರಗಳೇ. ಗದ್ದೆ ಜಾಸ್ತಿ, ನಾಲೆ ಕಡಿಮೆ. ಇಷ್ಟು ಬಿಸಿಯಲ್ಲಿ ಲೋಹರೂಪದ ಪೊಟ್ಯಾಸಿಯಂ ಹುಟ್ಟಬಹುದು. ಫರ್ನೇಸ್ ಪೂರ್ತಿ ತಣ್ಣಗಾಗದೆ ತೆಗೆಯಬೇಡಿ, ತೆಗೆದ ಕೂಡಲೇ ನೀರು ಸುರಿಯಬೇಡಿ. ಕರಗಿದ ಕ್ಷಾರ ಸ್ಯಾಂಪಲ್ ಇಡುವ ಅಲ್ಯುಮಿನಾ ದೋಣಿಯನ್ನೂ ಕ್ವಾರ್ಟ್ಜ್ ಟ್ಯೂಬನ್ನೂ ತಿನ್ನುತ್ತದೆ. ಅದಕ್ಕೇ ನಿಕ್ಕಲ್ ದೋಣಿ ಬಳಸುತ್ತಾರೆ. ಆದರೆ ನಿಕ್ಕಲ್ ತಾನೇ ಹೈಡ್ರೋಜನ್ ಕ್ಯಾಟಲಿಸ್ಟ್! ಚೂರು ಅಂಟಿಕೊಂಡು ಬಂದರೂ ಕ್ಷಾರದ ಟೆಸ್ಟಿನಲ್ಲಿ ನಿಮ್ಮ ಇದ್ದಿಲು ದಿಢೀರನೆ ಜಾಣ ಆಗಿಬಿಡುತ್ತದೆ. ಚಿಪ್ಪನ್ನು ಸ್ಟೀಲ್ ಮಿಕ್ಸಿಯಲ್ಲಿ ಪುಡಿ ಮಾಡಿದರೆ ಕಬ್ಬಿಣದ್ದೂ ಇದೇ ಕಥೆ. ಸಾರರಿಕ್ತ ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲಿ ತೊಳೆಯುವುದನ್ನು ಯಾವ ಕಾರಣಕ್ಕೂ ಬಿಡಬೇಡಿ.

ಬೇರೆ ಬೆಳೆಗಳ ಕಸದ ಬಗ್ಗೆಯೂ ಕೇಳುತ್ತಾರೆ. ಬಾಳೆ ದಿಂಡು, ಬಾಳೆ ಸಿಪ್ಪೆಯಲ್ಲಿ ಪೊಟ್ಯಾಸಿಯಂ ಇರುವುದರಿಂದ ಹೊರಗಿನ ಕ್ಷಾರ ಕಡಿಮೆ ಸಾಕು. ಭತ್ತದ ಹೊಟ್ಟಿನಲ್ಲಿ 15ರಿಂದ 20 ಶೇಕಡಾ ಬೂದಿ, ಅದರಲ್ಲಿ ಹೆಚ್ಚಿನದು ಸಿಲಿಕಾ. ಸುಟ್ಟ ಮೇಲೆ ಬಿಸಿ ಕ್ಷಾರದ ನೀರಿನಲ್ಲಿ ಆ ಸಿಲಿಕಾ ಕರಗಿಸಿದರೆ ಅದು ಕೂತಿದ್ದ ಜಾಗವೇ ನಡುಗಾತ್ರದ ತೂತಾಗುತ್ತದೆ. ಕಾಫಿ ಸಿಪ್ಪೆ, ಅಡಿಕೆ ಸಿಪ್ಪೆಯಲ್ಲೂ ಕಾರ್ಬನ್ ಮಾಡಬಹುದು. ಆದರೆ ಗಿಡದಿಂದ ಬಂದದ್ದೆಲ್ಲ ಮಣ್ಣು, ಗೊಬ್ಬರ, ಮಳೆಗೆ ತಕ್ಕಂತೆ ಬದಲಾಗುತ್ತದೆ. ಈ ವರ್ಷದ ಚೀಲ, ಮುಂದಿನ ವರ್ಷದ ಚೀಲ ಒಂದೇ ಅಲ್ಲ. ಮತ್ತೆ ಮಾಡಿದರೆ ಅದೇ ಬರುತ್ತದಾ ಎನ್ನುವ ಪ್ರಶ್ನೆಯಲ್ಲಿ ಈ ದಾರಿಗೆ ಅಂಕ ಕಡಿಮೆ.

ಸಕ್ಕರೆ, ಉಪ್ಪು, ಯೂರಿಯಾ

ನನಗೆ ಇಷ್ಟವಾದ ದಾರಿ ಇದು. ಗ್ಲೂಕೋಸ್, ಯೂರಿಯಾ ಮತ್ತು ಗ್ಲೂಕೋಸಿನ ಹತ್ತು ಪಟ್ಟಿನಷ್ಟು ಉಪ್ಪನ್ನು ನೀರಿನಲ್ಲಿ ಕರಗಿಸಿ ಒಣಗಿಸಿ. ಉಪ್ಪಿನ ಹರಳುಗಳ ಸುತ್ತ ಸಕ್ಕರೆಯ ತೆಳು ಪದರ ಕೂರುತ್ತದೆ. ನೈಟ್ರೋಜನ್‌ನಲ್ಲಿ 700-750 ಡಿಗ್ರಿಗೆ ಎರಡು ಗಂಟೆ ಸುಟ್ಟು ಬಿಸಿ ನೀರಿನಲ್ಲಿ ತೊಳೆದರೆ ಉಪ್ಪು ಹೋಗುತ್ತದೆ, ಅದರ ಜಾಗ ಖಾಲಿ ಉಳಿಯುತ್ತದೆ. ಉಪ್ಪು ಕರಗುವುದು 801 ಡಿಗ್ರಿಯಲ್ಲಿ. ಅದಕ್ಕಿಂತ ಕೆಳಗಿದ್ದರೆ ಹರಳಿನ ಆಕಾರ ಉಳಿಯುತ್ತದೆ. ಫ್ರೀಜ್ ಡ್ರೈಯರ್ ಇದ್ದರೆ ಹರಳು ಸಣ್ಣದಾಗಿ ಬರುತ್ತದೆ, ತೂತೂ ಸಣ್ಣದು. ಒಲೆಯ ಮೇಲೆ ಒಣಗಿಸಿದರೆ ದಪ್ಪ ಹರಳು, ದೊಡ್ಡ ತೂತು.

ಎಚ್ಎಫ್ (ಹೈಡ್ರೋಫ್ಲೋರಿಕ್ ಆಸಿಡ್) ಬೇಡ, ಕ್ಷಾರ ಬೇಡ, ಉಪ್ಪನ್ನು ಮತ್ತೆ ಬಳಸಲೂಬಹುದು. ತೊಳೆದದ್ದು ಸಾಕಾ ಎಂದು ತಿಳಿಯಲು ಕೊನೆಯ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿ. ಬೆಳ್ಳಗಾದರೆ ಇನ್ನೂ ಉಪ್ಪಿದೆ. ಮೇಲ್ಮೈ ಮಾತ್ರ ಕೆಲವು ನೂರು ಚದರ ಮೀಟರಿಗೇ ನಿಲ್ಲಬಹುದು. ಇಲ್ಲಿ ನಾಲೆ ಜಾಸ್ತಿ, ಗದ್ದೆ ಕಡಿಮೆ.

ಯೂರಿಯಾ ಕೆಲಸ ನೈಟ್ರೋಜನ್ ಕೊಡುವುದು. ಇಲ್ಲೊಂದು ಜಗ್ಗಾಟ ಇದೆ. ಕಡಿಮೆ ಬಿಸಿಯಲ್ಲಿ ನೈಟ್ರೋಜನ್ ಹೆಚ್ಚು ಉಳಿಯುತ್ತದೆ, ಆದರೆ ಕಾರ್ಬನ್‌ನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. 900, 1000ಕ್ಕೆ ಏರಿಸಿದರೆ ಕರೆಂಟ್ ಚೆನ್ನಾಗಿ ಹರಿಯುತ್ತದೆ, ನೈಟ್ರೋಜನ್ ಜಾರಿ ಹೋಗುತ್ತದೆ. 700, 800, 900 ಎಂದು ಮೂರು ಸ್ಯಾಂಪಲ್ ಮಾಡಿದರೆ ಈ ಜಗ್ಗಾಟವೇ ಒಂದು ಒಳ್ಳೆಯ ಪ್ರಾಜೆಕ್ಟ್. 801ರ ಗೆರೆ ದಾಟಿದ ಮೇಲೆ ತೂತಿನ ಆಕಾರವೂ ಬದಲಾಗುತ್ತದೆ ಎನ್ನುವುದು ಮಾತ್ರ ನೆನಪಿರಲಿ.

ಸಾಮಾನು ಲ್ಯಾಬ್ ದರ್ಜೆಯದ್ದೇ ಇರಲಿ. ಅಂಗಡಿಯ ಉಪ್ಪಿನಲ್ಲಿ ಅಯೋಡಿನ್ ಇರುತ್ತದೆ, ಗಂಟು ಕಟ್ಟದಿರಲು ಹಾಕುವ ಪದಾರ್ಥದಲ್ಲಿ ಕಬ್ಬಿಣವೂ ಇರಬಹುದು. ಗೊಬ್ಬರದಂಗಡಿಯ ಯೂರಿಯಾಕ್ಕೆ ಬೇವಿನ ಲೇಪ ಇರುತ್ತದೆ. 2015ರಿಂದ ಅದು ಕಡ್ಡಾಯ. ಗದ್ದೆಗೆ ಅದು ಒಳ್ಳೆಯದು, ಫರ್ನೇಸಿಗೆ ಬೇಡ. ಯೂರಿಯಾ ಕಾಯಿಸಿದರೆ ಅಮೋನಿಯಾ ಬರುತ್ತದೆ. ಹೊರಬರುವ ಗ್ಯಾಸನ್ನು ನೀರಿನ ಬಾಟಲಿಯ ಮೂಲಕ ಹುಡ್‌ನೊಳಗೇ ಬಿಡಿ.

ಅಚ್ಚಿನ ದಾರಿ

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವುದನ್ನು ನೋಡಿದ್ದೀರಲ್ವಾ? ಮರದ ಅಚ್ಚಿಗೆ ಪಾಕ ಹೊಯ್ದು ಬಿಡಿಸುತ್ತಾರೆ. ದಕ್ಷಿಣ ಕೊರಿಯಾದ ರ್‍ಯೋಂಗ್ ರ್‍ಯೂ ಅವರ ತಂಡ 1999ರ ಸುಮಾರಿಗೆ ಮಾಡಿದ್ದು ಹೆಚ್ಚು ಕಡಿಮೆ ಇದನ್ನೇ. ಅಚ್ಚು ಮರದ್ದಲ್ಲ, ಸಾಲಾಗಿ ತೂತುಗಳಿರುವ ಸಿಲಿಕಾ. ಅದರೊಳಗೆ ಸಕ್ಕರೆ ಪಾಕ ತುಂಬಿ, ಸಲ್ಫ್ಯೂರಿಕ್ ಆಸಿಡ್ಡಿನಿಂದ ಗಟ್ಟಿ ಮಾಡಿ, 900 ಡಿಗ್ರಿಗೆ ಸುಟ್ಟು, ಆಮೇಲೆ ಅಚ್ಚನ್ನೇ ಕರಗಿಸಿಬಿಡುತ್ತಾರೆ. ಎಸ್‌ಬಿಎ-15 ಎಂಬ ಸಿಲಿಕಾದಲ್ಲಿ ಹೀಗೆ ಹುಟ್ಟಿದ್ದೇ ಸಿಎಂಕೆ-3. ಅಳೆದು ಕೊರೆದಂಥ ನಡುಗಾತ್ರದ ತೂತುಗಳು, ಗ್ರಾಮಿಗೆ ಸುಮಾರು 1500 ಚದರ ಮೀಟರ್. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಣ್ಣಿಗೆ ಹಬ್ಬ.

ಬೆಲೆ ತೆರುವುದು ಸಮಯದಲ್ಲಿ. ಸಿಲಿಕಾ ಮಾಡಲು ಕೆಲವು ದಿನ, ಪಾಕ ಎರಡು ಸಲ ತುಂಬಲು ಎರಡು ದಿನ, ಸುಡಲು, ಕರಗಿಸಲು ಮತ್ತೆ ಕೆಲವು ದಿನ. ಒಂದು ಬ್ಯಾಚಿಗೆ ಹತ್ತಿರ ಹತ್ತಿರ ಒಂದು ವಾರ, ಸಿಗುವುದು ಒಂದೆರಡು ಗ್ರಾಂ. ಅಚ್ಚು ಕರಗಿಸಲು ಎಚ್ಎಫ್ ಎಂದು ಬರೆದಿರುತ್ತಾರೆ. ಚರ್ಮದ ಮೇಲೆ ಬಿದ್ದರೆ ಕೆಲವೊಮ್ಮೆ ತಕ್ಷಣ ನೋವೂ ಆಗದೆ ಒಳಗೆ ಇಳಿದು ಮೂಳೆ ತನಕ ಹೋಗುವ ಆಸಿಡ್ ಅದು. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್, ತರಬೇತಿ ಇರುವ ಜನ ಇಲ್ಲದ ಲ್ಯಾಬಿನಲ್ಲಿ ಬಾಟಲಿಯನ್ನೂ ಇಡಬಾರದು. ಬಿಸಿ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವೂ ಈ ಕೆಲಸ ಮಾಡುತ್ತದೆ; ನಿಧಾನ, ಆದರೆ ಕೈಕಾಲು ಉಳಿಯುತ್ತವೆ.

ಮೆತ್ತನೆಯ ಅಚ್ಚೂ ಉಂಟು. ಎಫ್-127 ಎಂಬ ಸೋಪಿನಂಥ ಪಾಲಿಮರ್ ತಾನೇ ಉಂಡೆ ಕಟ್ಟಿ ಅಚ್ಚಾಗುತ್ತದೆ, ಸುಡುವಾಗ ತಾನೇ ಹೊಗೆಯಾಗಿ ಹೋಗುತ್ತದೆ. ಕರಗಿಸುವ ರಗಳೆ ಇಲ್ಲ. ಆದರೆ ಜೊತೆಗೆ ಬೇಕಾದ ಫೀನಾಲಿಕ್ ರಾಳಕ್ಕೆ ಫಾರ್ಮಾಲ್ಡಿಹೈಡ್ ಬೇಕು, ಅದು ಕ್ಯಾನ್ಸರ್ ತರುವ ವಸ್ತು.

"4 ನ್ಯಾನೋಮೀಟರ್ ತೂತಿಗೂ 8ಕ್ಕೂ ಗುಳ್ಳೆ ಬಿಡುವುದರಲ್ಲಿ ಏನು ವ್ಯತ್ಯಾಸ?" ಇಂಥ ಪ್ರಶ್ನೆ ನಿಮ್ಮದಾದರೆ ಅಚ್ಚಿನ ದಾರಿಯೇ ಸರಿ. ಸುಮ್ನೆ ಒಂದು ಒಳ್ಳೆಯ ಕ್ಯಾಟಲಿಸ್ಟ್ ಬೇಕು ಅಷ್ಟೇ ಎಂದರೆ ಇಷ್ಟೊಂದು ಒದ್ದಾಟ ಬೇಡ.

ಝಿಫ್ ದಾರಿ

ಲೋಹ ಮತ್ತು ಸಾವಯವ ಕೊಂಡಿಗಳ ಜಾಲರಿ, ಅಂದರೆ ಮಾಫ್‌ಗಳು, 2025ರ ರಸಾಯನಶಾಸ್ತ್ರದ ನೊಬೆಲ್ ಪಡೆದವು: ಕಿಟಗಾವಾ, ರಾಬ್ಸನ್, ಯಾಘಿ ಮೂವರಿಗೆ. ಝಿಫ್-8 ಅದೇ ಕುಟುಂಬದ್ದು. ಜಿಂಕ್ ನೈಟ್ರೇಟ್ ಮತ್ತು 2-ಮೀಥೈಲ್ ಇಮಿಡಜೋಲ್ ಎರಡನ್ನೂ ಮೆಥನಾಲಿನಲ್ಲಿ ಕರಗಿಸಿ ಬೆರೆಸಿದರೆ, ಕೋಣೆಯ ಬಿಸಿಯಲ್ಲೇ ಬಿಳಿ ಪುಡಿ ಇಳಿಯುತ್ತದೆ. ಅದನ್ನು 900-1000 ಡಿಗ್ರಿಗೆ ಸುಟ್ಟರೆ ಮುಗಿಯಿತು. ಜಿಂಕ್ 907 ಡಿಗ್ರಿಯಲ್ಲಿ ಕುದಿದು ಆವಿಯಾಗುತ್ತದೆ, ನೈಟ್ರೋಜನ್ ಬೆರೆತ ತೂತುಗಳ ಕಾರ್ಬನ್ ಉಳಿಯುತ್ತದೆ. ಹೊರಗಿನಿಂದ ಯೂರಿಯಾ ಬೇಡ, ಜಾಲರಿಯಲ್ಲೇ ನೈಟ್ರೋಜನ್ ಇದೆ. ಆವಿಯಾದ ಜಿಂಕ್ ಟ್ಯೂಬಿನ ತಣ್ಣನೆಯ ತುದಿಯಲ್ಲಿ ಬೂದು ಬಣ್ಣಕ್ಕೆ ಕೂರುತ್ತದೆ. ಪ್ರತಿ ಸಲ ತೊಳೆಯದಿದ್ದರೆ ಮುಂದಿನವರ ಸ್ಯಾಂಪಲ್ ಹಾಳು, ಬೈಗುಳ ನಿಮಗೆ.

ಜಿಂಕ್ ಬದಲು ಕೋಬಾಲ್ಟ್ ಹಾಕಿದರೆ ನೇರಳೆ ಬಣ್ಣದ ಝಿಫ್-67. ಸುಟ್ಟ ಮೇಲೆ ಕೋಬಾಲ್ಟ್ ಹೋಗುವುದಿಲ್ಲ, ಕಾರ್ಬನ್ ಒಳಗೇ ಸಣ್ಣ ಕಣವಾಗಿ ಉಳಿದು ತಾನೇ ಕೆಲಸ ಮಾಡುತ್ತದೆ. ಹೈಡ್ರೋಜನ್ ವಿಷಯದಲ್ಲಿ ಬರೀ ಝಿಫ್-8 ಕಾರ್ಬನ್‌ಗಿಂತ ಇದೇ ವಾಸಿ.

ಮತ್ತೆ ಮಾಡಿದರೆ ಅದೇ ಬರುವುದರಲ್ಲಿ ಈ ದಾರಿಗೆ ಒಳ್ಳೆಯ ಅಂಕ. ಆದರೆ ಝಿಫ್-8ರ ತೂತುಗಳು ಹೆಚ್ಚಾಗಿ ಸೂಕ್ಷ್ಮವೇ. ಮೆಥನಾಲ್ ಖರ್ಚು ಬಹಳ, ಅದು ವಿಷ ಕೂಡ. ಸುಟ್ಟ ಮೇಲೆ ತೂಕ ಎಷ್ಟು ಇಳಿಯುತ್ತದೆ ಎಂದರೆ ಮೊದಲ ಸಲ ನೋಡಿದವರಿಗೆ ಯಾರೋ ಕದ್ದರೇನೋ ಅನ್ನಿಸುತ್ತದೆ. ಕಿಲೋಗಟ್ಟಲೆ ಮಾಡುವ ಆಸೆ ಇದ್ದವರು ಇತ್ತ ಬರಬೇಡಿ.

ಯಾರಿಗೆ ಯಾವುದು

ಮಫಲ್ ಫರ್ನೇಸ್ ಮಾತ್ರ ಇದೆ, ನೈಟ್ರೋಜನ್ ಇಲ್ಲ ಎನ್ನುವವರು ಕ್ಷಾರದ ದಾರಿಗೆ ಕೈ ಹಾಕಲೇಬೇಡಿ. ಮುಚ್ಚಿದ ಕ್ರೂಸಿಬಲ್ ಅನ್ನು ಇದ್ದಿಲು ಪುಡಿಯಲ್ಲಿ ಹೂತಿಟ್ಟು ಸುಟ್ಟರೆ ಚಿಪ್ಪಿನ ಇದ್ದಿಲು ಬರುತ್ತದೆ. ಕಲಿಯಲು ಅದು ಸಾಕು, ಪ್ರಕಟಿಸಲು ಸಾಲದು. ಹತ್ತಿರದ ದೊಡ್ಡ ಸಂಸ್ಥೆಯಲ್ಲಿ ಎರಡು ದಿನ ಟ್ಯೂಬ್ ಫರ್ನೇಸ್ ಕೇಳಿ ಪಡೆಯುವುದು ಇದಕ್ಕಿಂತ ಒಳ್ಳೆಯದು.

ಸಿಲಿಂಡರ್ ಇದ್ದವರಿಗೂ ಒಂದು ಮಾತು. ನಾನೊಮ್ಮೆ ರಾತ್ರಿಯಿಡೀ ಫರ್ನೇಸ್ ಬಿಟ್ಟು ಮಲಗಿದ್ದೆ. ನಡುರಾತ್ರಿ ನೈಟ್ರೋಜನ್ ಖಾಲಿ. ಬೆಳಿಗ್ಗೆ ದೋಣಿಯಲ್ಲಿ ಕಪ್ಪು ಪುಡಿ ಬದಲು ಒಂದು ಚಿಟಿಕೆ ಬೂದಿ. ಗೇಜ್ ನೋಡದೆ ಬಟನ್ ಒತ್ತಬೇಡಿ.

ಪಿಎಚ್‌ಡಿಗೆ ನಾಲ್ಕೈದು ವರ್ಷ ಇದ್ದವರು ಅಚ್ಚು ಅಥವಾ ಝಿಫ್ ಕಲಿಯಬಹುದು. ತೂತಿನ ಪ್ರಶ್ನೆಗೆ ಅಚ್ಚು, ಲೋಹ-ನೈಟ್ರೋಜನ್ ಪ್ರಶ್ನೆಗೆ ಝಿಫ್. ದೊಡ್ಡ ಎಲೆಕ್ಟ್ರೋಡ್ ಮಾಡಿ ಯಂತ್ರದಲ್ಲಿ ಕೂರಿಸಬೇಕು ಎನ್ನುವವರಿಗೆ ಚಿಪ್ಪಿನ ಕಾರ್ಬನ್ ಸರಿ, ಅದರ ಮೇಲೆ ಮಾಲಿಬ್ಡಿನಂ ಕಾರ್ಬೈಡ್ ಅಥವಾ ನಿಕ್ಕಲ್ ಸಂಯುಕ್ತ ಕೂರಿಸಿ. ಕಾರ್ಖಾನೆಯಲ್ಲಿ ನೀರು ಒಡೆಯುವ ಕ್ಷಾರ ಎಲೆಕ್ಟ್ರೋಲೈಸರ್‌ಗಳು ಚದರ ಸೆಂಟಿಮೀಟರಿಗೆ ನೂರಾರು ಮಿಲಿ ಆಂಪಿಯರ್ ಹರಿಸುತ್ತವೆ. ಅಲ್ಲಿ ಗುಳ್ಳೆ ಬಿಡುವ ದಾರಿಯೇ ಮುಖ್ಯ, ಬಿಇಟಿ ಸಂಖ್ಯೆ ಯಾರೂ ಕೇಳುವುದಿಲ್ಲ.

ಯಾವ ದಾರಿ ಹಿಡಿದರೂ ಟೆಸ್ಟಿನಲ್ಲಿ ಕೌಂಟರ್ ಎಲೆಕ್ಟ್ರೋಡಾಗಿ, ಅಂದರೆ ಎದುರು ಬದಿಯ ಎಲೆಕ್ಟ್ರೋಡಾಗಿ, ಪ್ಲಾಟಿನಂ ತಂತಿ ಬೇಡ, ಗ್ರಾಫೈಟ್ ಕಡ್ಡಿ ಇರಲಿ. ಪ್ಲಾಟಿನಂ ಕರಗಿ ಬಂದು ನಿಮ್ಮ ಕಾರ್ಬನ್ ಮೇಲೆ ಕೂರುತ್ತದೆ. "ನಮ್ಮ ಕ್ಯಾಟಲಿಸ್ಟ್ ದಿನಕಳೆದಂತೆ ಇನ್ನೂ ಚೆನ್ನಾಗುತ್ತದೆ" ಎಂಬ ಪವಾಡಗಳ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ನಿಕ್ಕಲ್ ಫೋಮ್ ಮೇಲೆ ಬಳಿದು ಅಳೆಯುವುದೂ ಇದೇ ಜಾತಿಯ ತಪ್ಪು. ತೂತುಗಳ ಕಾರ್ಬನ್ ಕೆಪಾಸಿಟರ್ ಥರ ಚಾರ್ಜ್ ಹಿಡಿಯುವುದರಿಂದ ವೋಲ್ಟೇಜ್ ಬದಲಿಸುವ ಸ್ಕ್ಯಾನ್ ನಿಧಾನ ಇರಲಿ, ಸೆಕೆಂಡಿಗೆ 2ರಿಂದ 5 ಮಿಲಿವೋಲ್ಟ್. ಏನೂ ಬೆರೆಸದ ಕಾರ್ಬನ್, ಖಾಲಿ ಎಲೆಕ್ಟ್ರೋಡ್, ಅಂಗಡಿಯ 20 ಶೇಕಡಾ ಪ್ಲಾಟಿನಂ-ಕಾರ್ಬನ್ ಮೂರನ್ನೂ ಅದೇ ದಿನ ಅಳೆಯಿರಿ. ಪ್ರಾಗ್‌ನ ಮಾರ್ಟಿನ್ ಪುಮೆರಾ ಅವರ ತಂಡ 2020ರಲ್ಲಿ ಗ್ರಾಫೀನಿಗೆ ಹಕ್ಕಿ ಹಿಕ್ಕೆ ಬೆರೆಸಿ ಸುಟ್ಟು, ಅದೂ ಬರೀ ಗ್ರಾಫೀನಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ತೋರಿಸಿತು. ತಮಾಷೆಯೂ ಹೌದು, ಬರೀ ಕಾರ್ಬನ್ನಿಗಿಂತ ಮೇಲೆ ಎಂದು ಬೀಗುವವರಿಗೆ ಕೊಟ್ಟ ಪೆಟ್ಟೂ ಹೌದು.

ಆ ಹುಡುಗಿಗೆ ನಾನು ಹೇಳಿದ್ದು ಉಪ್ಪಿನ ದಾರಿ. ಟ್ಯೂಬ್ ಫರ್ನೇಸ್ ಇತ್ತು, ಸಮಯ ಇರಲಿಲ್ಲ. ಮೂರು ಬಿಸಿ, ಪ್ರತಿಯೊಂದೂ ಮೂರು ಸಲ, ಒಂಬತ್ತು ಬ್ಯಾಚು. ಅವಳ ಮುಖ ಸಣ್ಣದಾಯಿತು. "ಸರ್, ಊರಿಂದ ಅಪ್ಪ ಆಗಲೇ ಒಂದು ಚೀಲ ಚಿಪ್ಪು ಕಳಿಸಿದ್ದಾರೆ" ಅಂದಳು. ಸರಿ, ಹತ್ತನೇ ಬ್ಯಾಚು ಅದರದ್ದೇ ಆಗಲಿ, ಯಾವ ತೋಟದ್ದು ಎಂದು ಲ್ಯಾಬ್ ಪುಸ್ತಕದಲ್ಲಿ ಬರೆದುಕೋ ಎಂದೆ. ಉಳಿದ ಚಿಪ್ಪು ಹಾಸ್ಟೆಲ್‌ನ ನೀರೊಲೆಗೆ ಹೋಯಿತಂತೆ.